ಉರಿಗಾಂ ಲೈನಿನಲ್ಲಿ ಆ ಹೆಸರಿನವರು ಯಾರೂ ಇಲ್ಲ

ಈ ಕತೆಯನ್ನು ಕೊಟ್ಟ ಮಾತಿನಿಂದ ಶುರುಮಾಡಬೇಕೋ, ಸಿಗಬೇಕಿದ್ದ ಕೆಲಸದಿಂದಲೋ? ಎರಡು ಸಲ ಕೆಲಸದಿಂದ ಶುರುಮಾಡಿದೆ. ಎರಡು ಸಲವೂ ಕಂಪನಿ ಹಂಚುವ ಕರಪತ್ರದ ಥರ ಕಂಡಿತು. ಹರಿದುಹಾಕಿದೆ. ಮಾತಿನಿಂದಲೇ ಆಗಲಿ.

೧
ಚಿನ್ನದ ಗಣಿ ಮುಚ್ಚಿ ಮೂರು ವರ್ಷವಾಗಿತ್ತು. ಗಣಿ ಕಾರ್ಮಿಕರ ಸಾಲುಮನೆಗಳ ಉರಿಗಾಂ ಲೈನಿನ ಕ್ವಾರ್ಟರ್ಸಿನಲ್ಲಿ ಶ್ರೀನಿವಾಸಪ್ಪ ಕೆಮ್ಮುತ್ತ ಮಲಗಿದ್ದ. ಮನೆ ಖಾಲಿ ಮಾಡಿಸುತ್ತಾರಂತೆ, ಹೆಸರು ಬರೆದುಕೊಂಡವರಿಗೇ ಮೊದಲ ನೋಟೀಸಂತೆ ಎಂಬ ಸುದ್ದಿ ವಾರಕ್ಕೊಂದು ಹುಟ್ಟುತ್ತಿತ್ತು. ಪಕ್ಕದ ಮನೆಯ ಅಮ್ಮಾಜಮ್ಮನನ್ನು ಕರೆಸಿ ಅಂದ: "ಫೈಲು ಇಡ್ಕಂಡು ಯಾವನೇ ಬರ್ಲಿ, ನನ್ ಮಗಳ ಎಸರು ಬಾಯಿ ಬಿಡ್ಬೇಡ."

"ಸತ್ರೂ ಬಿಡಲ್ಲ ಕಣಣ್ಣ," ಅಂದಳು ಅಮ್ಮಾಜಮ್ಮ.

(ಆ ಲೈನಿನಲ್ಲಿ ಇದಕ್ಕೆ ಸುಳ್ಳು ಅನ್ನುವುದಿಲ್ಲ. ಗುರುತಿಲ್ಲದವರು ಕಾಗದ ತೆಗೆದರೆ ಯಾರ ಮನೆಯಲ್ಲೂ ಯಾರೂ ಇರುವುದಿಲ್ಲ, ಅಷ್ಟೆ.)

೨
ಆ ಮಗಳೇ ಶ್ಯಾಮಲ. ಈಗ ಅದೇ ಮನೆಯಲ್ಲಿ ಕೂತು ನೆದರ್‌ಲ್ಯಾಂಡ್ಸಿನ ಒಂದು ಕಂಪನಿಗೆ ದುಡಿಯುತ್ತಾಳೆ. ಕಿವಿ ಕೇಳದವರಿಗೆ ಮಾತನ್ನು ಅಕ್ಷರದಲ್ಲಿ ತೋರಿಸುವ ಯಂತ್ರ ಮಾಡುವ ಕಂಪನಿ. ಕನ್ನಡ, ತಮಿಳು, ತೆಲುಗು ಮಾತುಗಳನ್ನು ಯಂತ್ರ ಎಲ್ಲಿ ತಪ್ಪಾಗಿ ಕೇಳಿಸಿಕೊಂಡಿತು ಎಂದು ಗುರುತು ಹಾಕುವುದು ಅವಳ ಕೆಲಸ. ನಾಲ್ಕು ವರ್ಷದಿಂದ ಕಾಂಟ್ರಾಕ್ಟು. ಮಾಡಿದ ದಿನಕ್ಕೆ ಕೂಲಿ, ಮಾಡದ ದಿನ ನೀನ್ಯಾರೋ ನಾವ್ಯಾರೋ.

ಈಗ ಬಸುರಿ. ಆಗಸ್ಟ್ ಇಪ್ಪತ್ತೈದಕ್ಕೆ ದಿನ ಕೊಟ್ಟಿದ್ದಾರೆ.

೩
(ಇಲ್ಲಿ ಕಾನೂನು ಬರುತ್ತದೆ. ಓಡಬೇಡಿ, ನಾನೂ ಕಷ್ಟಪಟ್ಟೇ ಕೂತಿದ್ದೇನೆ.) ಈ ದೇಶದಲ್ಲಿ ಆಫೀಸೇ ಇಲ್ಲದ ಕಂಪನಿ ಇಲ್ಲಿಯವರನ್ನು ನೇರವಾಗಿ ಕಾಯಂ ಮಾಡಿಕೊಳ್ಳುವುದು ಸುಲಭವಲ್ಲ. ಅದಕ್ಕೆಂದೇ ಬೆಂಗಳೂರಿನಲ್ಲಿ ಬೇರೆ ಕಂಪನಿಗಳಿವೆ. ನೇಮಕದ ಆರ್ಡರು, ಪಿಎಫ್, ರಜೆ ಎಲ್ಲ ಈ ಬೆಂಗಳೂರಿನವರದು. ಕೆಲಸ ಹೇಳುವವರು ಆ ಹೊರದೇಶದವರು. ಶ್ಯಾಮಲಳನ್ನೂ ಹೀಗೆ ಜೂನಿನಿಂದ ಕಾಯಂ ಮಾಡಿಕೊಳ್ಳಲು ಒಪ್ಪಿದ್ದರು, ವಿಳಾಸದ ಪರೀಕ್ಷೆಯೊಂದು ಬಾಕಿ. ಶ್ಯಾಮಲ ಇದನ್ನು ವಿವರಿಸಿದಾಗ ಅಮ್ಮಾಜಮ್ಮ ಕೇಳಿದ್ದಳು: "ಅಂದ್ರೆ ತಾಳಿ ಕಟ್ಟೋನೊಬ್ಬ, ಸಂಸಾರ ಮಾಡೋನೊಬ್ಬನಾ? ಥೂ, ನಿನ್ ಕೆಲ್ಸಕ್ಕಿಷ್ಟು!"

ಹೆರಿಗೆಗೆ ಕೊಟ್ಟ ದಿನಕ್ಕೆ ಮುಂಚೆ ಎಂಬತ್ತು ದಿನ ಕೆಲಸ ಮಾಡಿದ್ದರೆ ಇಪ್ಪತ್ತಾರು ವಾರ ಸಂಬಳದ ರಜೆ; ಕಾಂಟ್ರಾಕ್ಟಿನ ನಾಲ್ಕು ವರ್ಷ ಲೆಕ್ಕಕ್ಕಿಲ್ಲ. ಜೂನ್ ಒಂದಕ್ಕೆ ಸೇರಿದರೆ ಎಂಬತ್ತೈದು ದಿನ. ಶ್ಯಾಮಲ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಮೂರು ಸಲ ಎಣಿಸಿದ್ದಳು.

೪
ಮೇ ಕೊನೆಯ ವಾರ ಅವಳು ಸ್ಕ್ಯಾನಿಂಗಿಗೆ ಬಂಗಾರಪೇಟೆಗೆ ಹೋದಳು. ಒಳಗೆ ಫೋನು ಆಫ್ ಮಾಡಿಸಿದರು. ಅದೇ ಹೊತ್ತಿಗೆ ಬೆಂಗಳೂರಿನ ಕಂಪನಿಯ ಪರವಾಗಿ ವಿಳಾಸ ಪರೀಕ್ಷಿಸುವ ಮುನೀಂದ್ರ ಬೈಕಿನಿಂದಿಳಿದ, ಕಂಕುಳಲ್ಲಿ ಫೈಲು. ಬೀಗ ನೋಡಿದ, ಅವಳ ಫೋನು ಹತ್ತಲಿಲ್ಲ, ಪಕ್ಕದ ಅಮ್ಮಾಜಮ್ಮನ ಮನೆಗೆ ಬಂದ.

"ಶ್ಯಾಮಲ ಅಂತ, ಇದೇ ಮನೇನಾ?"

"ಯಾವ ಶ್ಯಾಮಲ?"

"ಶ್ರೀನಿವಾಸಪ್ಪನ ಮಗಳು."

"ಅವ್ನು ಓಗಿ ಇಪ್ಪತ್ ವರ್ಸ ಆಯ್ತು. ಮಗಳೂ ಇಲ್ಲ, ಮೊಮ್ಮಗಳೂ ಇಲ್ಲ."

"ಮತ್ತೆ ಆ ತಂತಿ ಮೇಲೆ ಚೂಡಿದಾರ್ ಒಣಗ್ತಾ ಐತಲ್ಲಜ್ಜಿ?"

"ನಂದು. ಯಾಕೆ, ನಾನ್ ಆಕ್ಬಾರ್ದಾ?"

ಮುನೀಂದ್ರ ನಕ್ಕ. ಎರಡು ಮನೆ ಆಚೆ ಕೇಳಿದ, ಅಲ್ಲೂ ಅದೇ ಉತ್ತರ. ಅವನಿಗೆ ಅವತ್ತು ಇನ್ನೂ ಹನ್ನೊಂದು ವಿಳಾಸ ಬಾಕಿಯಿತ್ತು. 'ಈ ಹೆಸರಿನವರು ಇಲ್ಲ' ಎಂದು ಬರೆದು ಹೊರಟ.

೬
(ಐದರಲ್ಲಿ ಶ್ಯಾಮಲ ಬಸ್ಸಿನಲ್ಲಿ ಮಗುವಿಗೆ ಹೆಸರು ಯೋಚಿಸುತ್ತಾಳೆ. ತೆಗೆದುಬಿಟ್ಟೆ. ಅದನ್ನು ಓದಿದ ಮೇಲೆ ಇದನ್ನು ಓದಲಾಗುವುದಿಲ್ಲ.)

ಮಾರನೆಯ ದಿನ ಬೆಂಗಳೂರಿನ ಕಂಪನಿಯಿಂದ ನವ್ಯ ಫೋನ್ ಮಾಡಿದಳು. "ವೆರಿಫಿಕೇಶನ್ ಫೇಲ್ ಆಗಿದೆ ಮೇಡಂ. ಮತ್ತೆ ಯಾರನ್ನಾದ್ರೂ ಕಳಿಸ್ತೀವಿ. ಸೇರೋ ದಿನ ಜೂನ್ ಹದಿನೈದಾಗುತ್ತೆ."

"ಎಪ್ಪತ್ತೊಂದೇ ದಿನ ಆಗುತ್ತಲ್ಲ ಆಗ! ನಾನು ಹುಟ್ಟಿದ್ದೇ ಈ ಮನೇಲಿ ಕಣ್ರೀ. ವಿಡಿಯೋದಲ್ಲಿ ತೋರಿಸ್ಲಾ?"

"ನೀವು ಇದ್ದೀರ ಅಂತ ನಂಗೆ ಗೊತ್ತು ಮೇಡಂ. ಸಿಸ್ಟಮ್‌ಗೆ ಗೊತ್ತಿಲ್ಲ."

ಅವಳು ಬರೆದ ಮೇಲ್‌ಗೆ ನೆದರ್‌ಲ್ಯಾಂಡ್ಸಿನಿಂದಲೂ ಉತ್ತರ ಬಂತು, ಬಹಳ ವಿನಯದ್ದು. ನಿಮ್ಮ ದೇಶದ ನಿಯಮಗಳನ್ನು ನಿಮ್ಮ ದೇಶದ ಕಂಪನಿಯೇ ನೋಡಿಕೊಳ್ಳುತ್ತದೆ, ಶುಭವಾಗಲಿ.

೭
ಸಂಜೆ ಅಮ್ಮಾಜಮ್ಮ ಸೊಪ್ಪಿನ ಸಾರು ತಂದಳು. "ಯಾಕಮ್ಮಿ ಸಪ್ಪಗಿದ್ದೀಯ? ನಿನ್ನೆ ನೀನಿಲ್ದಾಗ ಫೈಲಿನೋನು ಬಂದಿದ್ದ. ನಿನ್ ಎಸರೇ ಏಳ್ದ. ಅಂಗೇ ಸಾಗಾಕ್ದೆ ನೋಡು!"

ಇಲ್ಲಿ ಶ್ಯಾಮಲ ಕೂಗಾಡುತ್ತಾಳೆ ಎಂದು ಬರೆದೆ. ಅವಳು ಆ ಮಾತುಗಳನ್ನು ಆಡಲಿಲ್ಲ. "ಅಮ್ಮಾಜಮ್ಮತ್ತೇನ ಬೈಯೋಕೆ ನನ್ ಕೈಲಾಗಲ್ಲ, ನೀವೇ ಬೈಕೊಳ್ಳಿ," ಅಂದಳು ನನಗೆ.

ಸರಿ, ಮಗು ಹತ್ತು ದಿನ ತಡವಾಗಿ ಹುಟ್ಟಲಿ. (ನನ್ನ ಮಕ್ಕಳೆರಡೂ ಹೇಳಿದ ದಿನಕ್ಕೆ ಬರಲಿಲ್ಲ.) ಆಗದು. ಕಾನೂನು ಎಣಿಸುವುದು ಡಾಕ್ಟರು ಕೊಟ್ಟ ದಿನವನ್ನು.

ಹಾಗಾದರೆ ಅಮ್ಮಾಜಮ್ಮ ಮುನೀಂದ್ರನಿಗೆ ನಿಜ ಹೇಳಿದ್ದಳು ಎಂದು ನಾಲ್ಕನ್ನೇ ತಿದ್ದಲೆ? ಪೆನ್ನು ಎತ್ತಿದ್ದೇ ತಡ, ಅಮ್ಮಾಜಮ್ಮ ನನ್ನತ್ತ ತಿರುಗಿದಳು.

"ಏನಮ್ಮ, ಬರೆಯೋಳು ನೀನು, ಈ ಲೈನಲ್ಲಿ ಇರೋಳು ನಾನು. ಕೆಲ್ಸ ಕೊಡೋ ಕಾಗ್ದನೂ ಮನೆ ಕಿತ್ಕೊಳ್ಳೋ ಕಾಗ್ದನೂ ಒಂದೇ ತರ ಬೆಳ್ಳಗಿರ್ತೈತೆ. ಓದಕ್ ಬರ್ದೋಳು ನಾನು, ಯಾವ್ದಕ್ಕೆ ಊಂ ಅನ್ಲಿ?"

ಪೆನ್ನು ಕೆಳಗಿಟ್ಟೆ. ತಿದ್ದಲಿಲ್ಲ. ಆಗಸ್ಟಿನಲ್ಲಿ ಏನಾಯಿತು ಎಂದು ಕೇಳಬೇಡಿ, ಅಲ್ಲಿಯವರೆಗೆ ನಾನು ಬರೆಯುವುದಿಲ್ಲ. ಶ್ಯಾಮಲ ಸಾರಿನ ಪಾತ್ರೆ ಇಸಿದುಕೊಂಡಳು, "ಕೂತ್ಕೋ ಅತ್ತೆ" ಅಂದಳು.

ಅಮ್ಮಾಜಮ್ಮ ಶ್ರೀನಿವಾಸಪ್ಪನಿಗೆ ಕೊಟ್ಟ ಮಾತು ಉಳಿಸಿಕೊಂಡಳು.