ಐದು ಅಭ್ಯಾಸ, ಒಂದು ತಟ್ಟೆ ಉಪ್ಪು

2024ರ ಜುಲೈ 22, ಸೋಮವಾರ, ಬೆಳಗಿನ ಜಾವ 4 ಗಂಟೆ 40 ನಿಮಿಷ. ರಾಮನಗರದ ಬಾಡಿಗೆ ಕೋಣೆಯಲ್ಲಿ ಅನಂತರಾಜು ಎದ್ದು, ಹಲ್ಲುಜ್ಜುವುದಕ್ಕೂ ಮೊದಲು ಕನ್ನಡಿಯ ಮುಂದೆ ನಿಂತು, ತಾನೊಂದು ಹುಲಿ ಎಂದು ಗಟ್ಟಿಯಾಗಿ ಹೇಳಿಕೊಳ್ಳತೊಡಗಿದ. ಹೀಗೆ ಇಪ್ಪತ್ತೊಂದು ಸಲ ಹೇಳಬೇಕು. ಹದಿನಾಲ್ಕನೆಯ ಸಲಕ್ಕೆ ಪಕ್ಕದ ಕೋಣೆಯವರು ಗೋಡೆಗೆ ಗುದ್ದಿದರು. ಉಳಿದ ಏಳನ್ನು ಹುಲಿ ಪಿಸುದನಿಯಲ್ಲಿ ಮುಗಿಸಿತು.

ಬೇಗ ಏಳುವುದು ಗೆಲ್ಲುವವರ ಮೊದಲ ಅಭ್ಯಾಸ, ಹುಲಿಯದು ಎರಡನೆಯದು. ಒಟ್ಟು ಐದು. ಐದನ್ನೂ ಕಲಿಸಿದವರು ಸೇಲ್ಸ್ ಮ್ಯಾನೇಜರ್ ಬಾಲರಾಜು. ಅವರು ಹಿಂದೆ ವಾಟರ್ ಫಿಲ್ಟರ್ ಮಾರುತ್ತಿದ್ದರು, ಅದಕ್ಕೂ ಹಿಂದೆ ವಿಮೆ. ಈಗ ಉತ್ಸಾಹವನ್ನಷ್ಟೇ ಮಾರುತ್ತಿದ್ದರು, ಅದೂ ಕೈಕೆಳಗಿನವರಿಗೆ.

ಅನಂತರಾಜು ಮಾರಬೇಕಾಗಿದ್ದದ್ದು ತೇವದ ಮೀಟರ್. ಅಂಗೈಯಗಲದ ಬಿಳಿ ಪೆಟ್ಟಿಗೆ. ರೇಷ್ಮೆಹುಳು ಸಾಕುವ ಮನೆಯ ಗೋಡೆಗೆ ನೇತುಹಾಕಿದರೆ ಗಾಳಿಯಲ್ಲಿ ತೇವ ಶೇಕಡಾ ಎಷ್ಟಿದೆ ಎಂದು ತೋರಿಸುತ್ತದೆ. ತೇವ ಮಿತಿಮೀರಿದರೆ ಹುಳುವಿಗೆ ಸುಣ್ಣಕಟ್ಟು ರೋಗ ಬಂದು, ಇಡೀ ಬೆಳೆ ಬಿಳಿಚಿ ಕಡ್ಡಿಯಾಗುತ್ತದೆ. ಹೀಗಾಗಿ ಪೆಟ್ಟಿಗೆ ತಾನೇ ತಾನಾಗಿ ಮಾರಾಟವಾಗುತ್ತದೆ ಎಂದು ಬಾಲರಾಜು ಹೇಳಿದ್ದರು. ನಲವತ್ತೊಂದು ದಿನಗಳಲ್ಲಿ ಮೂರು ಮಾರಾಟವಾಗಿದ್ದವು. ಇವತ್ತು ಸಂಜೆ ಆರರೊಳಗೆ ನಾಲ್ಕನೆಯದು ಹೋಗದಿದ್ದರೆ ಬ್ಯಾಗು, ಬೈಕಿನ ಕೀಲಿ ಎರಡನ್ನೂ ಆಫೀಸಿನ ಮೇಜಿನ ಮೇಲಿಟ್ಟು ಅವನು ಕುದೂರಿನ ಬಸ್ಸು ಹತ್ತಬೇಕಾಗಿತ್ತು. ಅಲ್ಲಿ ಅಪ್ಪನ ಸೈಕಲ್ ಶಾಪ್ ಇತ್ತು, ಮತ್ತು ಬಿಎಸ್ಸಿ ಓದಿ ಏನು ಕಡಿದೆ ಎಂಬ ಪ್ರಶ್ನೆ ಇತ್ತು.

ಅವನು ಓದಿದ್ದು ಭೌತಶಾಸ್ತ್ರ. ಆದ್ದರಿಂದ ಒಂದು ನೋಟ್‌ಬುಕ್‌ನಲ್ಲಿ ಪ್ರತಿದಿನ ಐದು ಅಭ್ಯಾಸಗಳಿಗೆ ಐದು ಟಿಕ್, ಅವುಗಳ ಎದುರಿಗೆ ಮಾರಾಟ ಎಷ್ಟು, ರೈತರು ಏನು ಹೇಳಿದರು ಎಂದು ಬರೆಯುತ್ತಿದ್ದ. ಐದೂ ಟಿಕ್ ಬಿದ್ದ ದಿನಗಳಲ್ಲಿ ಮಾರಾಟ ಸೊನ್ನೆ. ಮೂರು ಪೆಟ್ಟಿಗೆ ಹೋದ ದಿನಗಳೆಂದರೆ ಅವನು ಹೊಟ್ಟೆ ಕೆಟ್ಟು ಏಳುವುದೇ ತಡವಾದ ದಿನ, ಊರಿಗೆ ಹೋಗಿ ಅಲ್ಲಿಂದಲೇ ಕೆಲಸಕ್ಕೆ ಹೊರಟ ದಿನ, ಮತ್ತು ಗುಡೇಮಾರನಹಳ್ಳಿಯ ದಾರಿಯಲ್ಲಿ ಮಳೆಗೆ ಸಿಕ್ಕಿ ಚಡ್ಡಿಯವರೆಗೂ ನೆನೆದ ದಿನ. ಮಾದರಿಯ ಗಾತ್ರ ಚಿಕ್ಕದೆಂದು ಅವನು ಅದನ್ನು ತಳ್ಳಿಹಾಕಿದ್ದ. ಬಾಲರಾಜುವಿನ ವಿವರಣೆ ಇನ್ನೂ ಸರಳವಾಗಿತ್ತು: ಹುಲಿ ಎನ್ನುವಾಗ ನಂಬಿಕೆ ಸಾಲದು.

ನೋಟ್‌ಬುಕ್ಕಿನಲ್ಲಿ ಇನ್ನೊಂದು ವಿಚಿತ್ರವಿತ್ತು. ಮೂವತ್ತೇಳು ಮನೆಯವರು ಒಂದೇ ಮಾತು ಹೇಳಿದ್ದರು: 'ಹುಳ ಜ್ವರಕ್ಕೆ ಕೂತವೆ, ನಾಳೆ ಬಾಪ್ಪ.' ಹುಳು ಪೊರೆ ಬಿಡುವ ಮೊದಲು ಒಂದು ದಿನ ಮೇವು ಬಿಟ್ಟು ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಸರಿಯೇ. ಆದರೆ ಮಾಗಡಿಯಿಂದ ಕನಕಪುರದವರೆಗೆ ಹುಳುವೆಲ್ಲ ತಾನು ಬರುವ ಹೊತ್ತಿಗೇ ಜ್ವರಕ್ಕೆ ಕೂರುವುದು ಹೇಗೆ ಎಂಬುದು ಅವನಿಗೆ ಬಗೆಹರಿದಿರಲಿಲ್ಲ.

ಮೂರನೆಯ ಅಭ್ಯಾಸ ಸೆಂಟು. ಗೆಲ್ಲುವವನಿಗಿಂತ ಹತ್ತು ಹೆಜ್ಜೆ ಮೊದಲು ಅವನ ಪರಿಮಳ ಬರಬೇಕು. ಕೊನೆಯ ದಿನವೆಂದು ಅನಂತರಾಜು ಎರಡು ಸಲ ಹೆಚ್ಚಿಗೆ ಹೊಡೆದುಕೊಂಡ.

ಎಂಟೂಕಾಲಿಗೆ ದೊಡ್ಡಆಲಹಳ್ಳಿಯಲ್ಲಿ ಬೋರಮ್ಮನ ಅಂಗಳದಲ್ಲಿ ಬೈಕ್ ನಿಲ್ಲಿಸಿದ. ಐವತ್ತು ದಾಟಿದ ಬೋರಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹುಳುಮನೆಯ ಬಾಗಿಲಲ್ಲಿದ್ದಳು. ನಾಲ್ಕನೆಯ ಅಭ್ಯಾಸದಂತೆ ಅನಂತರಾಜು ಕಣ್ಣಲ್ಲಿ ಕಣ್ಣಿಟ್ಟು ಕೈ ಚಾಚಿದ. ಬೋರಮ್ಮ ಹೊರೆಸಮೇತ ನಾಲ್ಕು ಹೆಜ್ಜೆ ಹಿಂದೆ ಸರಿದಳು.

"ಅಲ್ಲೇ ನಿಂತ್ಕೊ. ಯಾವೂರ್ ಮದ್ವೆಗೆ ಹೊಂಟಿದ್ದೀಯಪ್ಪ?"

"ಮದುವೆಗಲ್ಲಮ್ಮ, ನಾನು ತೇವದ ಮೀಟರ್..."

"ಅದ್ ಆಮೇಕೆ. ಮೈಗೆ ಏನ್ ಸುರ್ಕಂಡಿದ್ದೀಯ? ಈ ವಾಸ್ನೆಗೆ ನಂಗೇ ತಲೆ ತಿರುಗ್ತೈತೆ, ಹುಳ ಬದುಕ್ತಾವಾ? ಬೀಡಿ ಸೇದಿದ್ ಕೈಲಿ ಸೊಪ್ಪು ಮುಟ್ಟುದ್ರೂ ಮೂತಿ ತಿರುಗಿಸ್ತವೆ."

ಅನಂತರಾಜುವಿನ ಕೈ ಇನ್ನೂ ಗಾಳಿಯಲ್ಲೇ ಇತ್ತು.

"ಇಷ್ಟು ದಿನ ಯಾರೂ ನನಗೆ ಹೇಳಲಿಲ್ಲವಲ್ಲಮ್ಮ."

"ಬಾಗ್ಲಿಗೆ ಬಂದೋರ್ಗೆ ನೀನ್ ನಾರ್ತಿದ್ದೀಯ ಅಂತ ಯಾರಪ್ಪ ಹೇಳ್ತಾರೆ? ಹುಳ ಜ್ವರಕ್ಕೆ ಕೂತವೆ, ನಾಳೆ ಬಾ ಅಂತಾರೆ. ನಾನೂ ಅದ್ನೇ ಅನ್ನೋಳು. ಇವತ್ ಬೆಳಗ್ಗೆಯಿಂದ ನಮ್ಮೋರ್ ಮೇಲೆ ಸಿಟ್ ಐತೆ, ಅದ್ಕೆ ಬಾಯಿಗೆ ಬಂದಿದ್ ಅಂದ್ಬುಟ್ಟೆ."

ಹೊಟ್ಟೆ ಕೆಟ್ಟ ದಿನ ಅವನು ಸೆಂಟಿನ ಗೋಜಿಗೆ ಹೋಗಿರಲಿಲ್ಲ. ಊರಿಂದ ಬಂದ ದಿನ ಬಾಟಲಿ ಕೋಣೆಯಲ್ಲಿತ್ತು. ಮಳೆಯ ದಿನ ಎಲ್ಲವೂ ತೊಳೆದುಹೋಗಿತ್ತು. ಮಾದರಿ ಚಿಕ್ಕದಾಗಿದ್ದರೂ ಸತ್ಯವನ್ನೇ ಹೇಳಿತ್ತು. ಉಳಿದ ಮೂವತ್ತೆಂಟು ದಿನ ಅವನು ಹುಳು ಸಾಕುವವರ ಮನೆಮನೆಗೆ ಹೋಗಿ, ಹುಳುವಿಗೆ ಆಗದ ವಸ್ತುವನ್ನೇ ಮೈಗೆ ಬಳಿದುಕೊಂಡು, ಹುಳುವಿನ ಆರೋಗ್ಯದ ಬಗ್ಗೆ ಭಾಷಣ ಮಾಡಿದ್ದ.

"ಸ್ನಾನ ಮಾಡಿದರೆ ಒಳಗೆ ಬಿಡ್ತೀರಾ?" ಎಂದು ಕೇಳಿದ. ಐದು ಅಭ್ಯಾಸಗಳಲ್ಲಿ ಎಲ್ಲೂ ಇಲ್ಲದ ಪ್ರಶ್ನೆ ಅದು.

ಬೋರಮ್ಮನಿಗೆ ನಗು ಬಂತು. ತೊಟ್ಟಿಯ ಪಕ್ಕದಲ್ಲಿ ಸೀಗೆಪುಡಿ ಇಟ್ಟಳು, ಗಂಡನ ಹಳೆಯ ಪಂಚೆ ಕೊಟ್ಟಳು. ಕಾಲು ಗಂಟೆಯ ನಂತರ ಹುಲಿ ಪಂಚೆಯುಟ್ಟು, ಬಾಗಿಲಲ್ಲಿದ್ದ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಪಾದ ಅದ್ದಿ, ಬರಿಮೈಯಲ್ಲಿ ಹುಳುಮನೆ ಹೊಕ್ಕಿತು.

ಒಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಸಾವಿರಾರು ಹುಳುಗಳು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯಂತಿತ್ತು. ಮೂಲೆಯಲ್ಲಿ ಒಂದು ಸ್ಟೀಲ್ ತಟ್ಟೆ, ಅದರಲ್ಲಿ ಒಂದು ಹಿಡಿ ಉಪ್ಪು. ಉಪ್ಪು ಬೆವರಿ ಸುತ್ತ ನೀರು ನಿಂತಿತ್ತು.

"ಇದೇನಮ್ಮ?"

"ನಮ್ಮತ್ತೆ ಕಾಲದಿಂದ್ಲೂ ಇಡ್ತೀವಿ. ಉಪ್ಪು ನೀರಾದ್ರೆ ಕಿಟಕಿ ತೆಗೀಬೇಕು, ಒಣಗಿದ್ರೆ ಮುಚ್ಬೇಕು."

ಅನಂತರಾಜು ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಗಾಳಿಯ ತೇವ ಶೇಕಡಾ ಎಪ್ಪತ್ತೈದು ದಾಟಿದರೆ ಅಡುಗೆ ಉಪ್ಪು ನೀರಾಗತೊಡಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಮೀಟರುಗಳನ್ನು ಒರೆಗೆ ಹಚ್ಚುತ್ತಿದ್ದದ್ದೇ ಉಪ್ಪಿನಿಂದ.

"ಅಮ್ಮಾ, ನಿಮ್ಮ ಉಪ್ಪು ನನ್ನ ಪೆಟ್ಟಿಗೆಗಿಂತ ವಾಸಿ," ಎಂದ. ಹೇಳಿದ ಮೇಲೆ ಕುದೂರಿನ ಬಸ್ಸು ಕಣ್ಣಿಗೆ ಕಟ್ಟಿತು.

"ಉಪ್ ಹೇಳ್ತೈತೆ ಕಣಪ್ಪ, ಕೇಳೋರ್ ಯಾರು? ನಮ್ಮೋರು ಹುಳಕ್ಕೆ ಶೀತ ಆಯ್ತದೆ ಅಂತ ರಾತ್ರಿಯಿಂದ ಕಿಟಕಿ ತೆಗಿಯಕ್ ಬಿಡ್ತಿಲ್ಲ. ನಾನಂದ್ರೆ ಉಪ್ಪಿನ ಮಾತು, ಅವ್ರಂದ್ರೆ ಟ್ರೈನಿಂಗ್ ಮಾತು. ಒಂದ್ಸಲ ರೇಷ್ಮೆ ಟ್ರೈನಿಂಗ್‌ಗೆ ಹೋಗ್ ಬಂದ್ಬುಟ್ರು ನೋಡು, ಅವತ್ತಿಂದ ನಂಬರ್ ಇಲ್ದೆ ಮಾತಾಡಕಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಬೋರಮ್ಮನ ಗಂಡ ತಿಮ್ಮಯ್ಯ ಕಾಣಿಸಿಕೊಂಡ. ಅವನ ಕಣ್ಣು ಮೊದಲು ಬಿದ್ದದ್ದು ಪಂಚೆಯ ಮೇಲೆ.

"ಯಾರಮ್ಮಿ ಇವ್ನು, ನನ್ ಪಂಚೆ ಉಟ್ಕಂಡು ನನ್ ಹುಳ ನೋಡ್ತಾ ಕುಂತವ್ನೆ?"

"ನಂಬರ್ ಹೇಳೋ ಪೆಟ್ಗೆ ತಂದವ್ನೆ. ಈಗ ನೋಡೇ ಬುಡಾನ, ಉಪ್ ಸರಿಯೋ ನೀವ್ ಸರಿಯೋ."

ತಿಮ್ಮಯ್ಯ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಎಂಬತ್ತರ ಮೇಲೆ ಹೋದ್ರೆ ಕೇಡು ಅಂತ ಟ್ರೈನಿಂಗ್‌ನಾಗೆ ಹೇಳವ್ರೆ. ಎಂಬತ್ತು ದಾಟಿದ್ರೆ ಕಿಟಕಿ ತೆಗೀತೀನಿ, ಇದನ್ನೂ ತಗೋತೀನಿ. ದಾಟ್ಲಿಲ್ಲ ಅಂದ್ರೆ ನೀನು ಪಂಚೆ ಬಿಚ್ಚಿಟ್ಟು ಹೊರಡ್ಬೇಕು, ಇವಳು ಈ ಬೆಳೆ ಮುಗಿಯೋಗಂಟ ಉಪ್ಪಿನ ಸುದ್ದಿ ಎತ್ಬಾರ್ದು. ಇದು ಸುಳ್ ಹೇಳಕಿಲ್ವೇನ್ಲಾ?"

ಐದನೆಯ ಅಭ್ಯಾಸ ಮತ್ತು ಎಲ್ಲಕ್ಕಿಂತ ದೊಡ್ಡದು: ಗಿರಾಕಿಯ ಮುಂದೆ ಅನುಮಾನದ ಮಾತು ಆಡಬಾರದು. ಹೊರಗೆ ಒಗೆದು ಹರವಿದ್ದ ಪ್ಯಾಂಟಿನ ಪಕ್ಕದಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಆ ಹೊತ್ತಿಗೆ ಫೋನ್ ಮಾಡುವವರು ಬಾಲರಾಜು ಒಬ್ಬರೇ.

"ಹೇಳುತ್ತೆ ಯಜಮಾನ್ರೇ," ಎಂದ ಅನಂತರಾಜು. "ಮೂರು ಆಚೆ, ಮೂರು ಈಚೆ ಆಗಬಹುದು."

ಬೋರಮ್ಮ ಹಣೆ ಚಚ್ಚಿಕೊಂಡಳು. ತಿಮ್ಮಯ್ಯನ ಮುಖ ಅರಳಿತು.

"ಅಂಗಾರೆ ಎಂಬತ್ತಲ್ಲ. ಎಂಬತ್ಮೂರು ದಾಟ್ಬೇಕು."

"ನ್ಯಾಯವಾದ ಮಾತು," ಎಂದ ಅನಂತರಾಜು, ಮತ್ತು ಅದು ನಿಜಕ್ಕೂ ನ್ಯಾಯವೇ ಆಗಿತ್ತು. ಪ್ರ್ಯಾಕ್ಟಿಕಲ್ ಪರೀಕ್ಷೆಯಲ್ಲಿ ಇಷ್ಟು ಸರಿಯಾಗಿ ಲೆಕ್ಕ ಕಟ್ಟಿದವರು ಅವನ ಕ್ಲಾಸಿನಲ್ಲಿ ಇಬ್ಬರಿದ್ದರು, ಅವನು ಅವರಲ್ಲಿರಲಿಲ್ಲ.

ಪೆಟ್ಟಿಗೆಯನ್ನು ಉಪ್ಪಿನ ತಟ್ಟೆಯ ಮೇಲಿನ ಮೊಳೆಗೆ ನೇತುಹಾಕಿದ. ಹತ್ತು ನಿಮಿಷ ಉಸಿರು ತಾಗದಂತೆ ದೂರ ನಿಲ್ಲಬೇಕು ಎಂದ. ಮೂವರೂ ಬಾಗಿಲಿಗೆ ಬಂದು ನಿಂತರು. ಹೊರಗೆ ಒಳ್ಳೆಯ ಬಿಸಿಲು ಬಿದ್ದಿತ್ತು. ಫೋನು ಇನ್ನೆರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಬೋರಮ್ಮ ಗಂಡನ ಕಡೆ ನೋಡಲಿಲ್ಲ, ತಿಮ್ಮಯ್ಯ ಪಂಚೆಯ ಮೇಲಿನ ಕಣ್ಣು ತೆಗೆಯಲಿಲ್ಲ.

ಹತ್ತು ನಿಮಿಷಕ್ಕೆ ಅನಂತರಾಜು ಹೋಗಿ ನೋಡಿದ. ಪಕ್ಕಕ್ಕೆ ಸರಿದು ತಿಮ್ಮಯ್ಯನಿಗೆ ದಾರಿ ಬಿಟ್ಟ. ತಿಮ್ಮಯ್ಯ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದ, ಕನ್ನಡಕವನ್ನು ಬನಿಯನ್ನಿಗೆ ಒರೆಸಿಕೊಂಡು ಇನ್ನೊಂದು ಸಲ ಓದಿದ. ಆಮೇಲೆ ಯಾರ ಮುಖವನ್ನೂ ನೋಡದೆ ಕಿಟಕಿಯ ಕಡೆಗೆ ನಡೆದ.

ಶೇಕಡಾ 86.