ಮಾರ್ಚ್ ತಿಂಗಳ ಚಾಟ್ನಿ

"ಕಡ್ಡಿಗೆ ಎರಡ ಕಣ್ಣು ಬಿಟ್ರ ಸಾಕಂತ ಹೇಳ್ರಿ ಅವರಿಗೆ," ಎನ್ನುತ್ತ ವಿಜಯಶ್ರೀ ಮುದುಕಿಯ ಕೈಯಿಂದ ಕತ್ತರಿ ಇಸಿದುಕೊಂಡೇಬಿಟ್ಟಳು. ಗಂಡ ಸುನಿಲಕುಮಾರ ಅದನ್ನು ಜರ್ಮನ್‌ನಲ್ಲಿ ಹೇಳುವಷ್ಟರಲ್ಲಿ ಅವಳು ದ್ರಾಕ್ಷಿ ಬಳ್ಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಳೆಯ ಕಡ್ಡಿಗಳನ್ನು ಎರಡೆರಡೇ ಚಿಗುರುಗಣ್ಣು ಉಳಿಸಿ ಸವರತೊಡಗಿದ್ದಳು.

ಅವನ ಆಫೀಸಿನವರು ಜರ್ಮನಿಯ ಸಿಂಡೆಲ್‌ಫಿಂಗೆನ್ ಊರಿನಿಂದ ಬಸ್ಸು ಮಾಡಿಕೊಂಡು ಈ ಹಳ್ಳಿಗೆ ಬಂದು, ಈಗ ನೆಲಮಾಳಿಗೆಯಲ್ಲಿ ವೈನಿನ ರುಚಿ ನೋಡುತ್ತಿದ್ದರು. ಕುಡಿಯದ ಗಂಡಹೆಂಡಿರನ್ನು ಮುದಿ ಯಜಮಾನಿ ಥೆರೇಸಿಯಾ ತೋಟಕ್ಕೆ ಕರೆತಂದಿದ್ದಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಂಗೇರಿಯಿಂದ ಹೊರಹಾಕಿಸಿಕೊಂಡು ಬಂದ ಜರ್ಮನ್ ಮನೆತನ ಅವಳದು. ತಂತಿ ಕಟ್ಟದೆ ಬಳ್ಳಿಯನ್ನು ಮೊಣಕಾಲೆತ್ತರಕ್ಕೇ ಮೋಟು ಮಾಡಿ ಬೆಳೆಸುವ ಅಲ್ಲಿಯ ಪದ್ಧತಿಯನ್ನು ಇಂದಿಗೂ ಬಿಟ್ಟಿರಲಿಲ್ಲ. ಇಲ್ಲಿಯ ಜನ ಮೊದಮೊದಲು ನಕ್ಕಿದ್ದರಂತೆ.

ವಿಜಯಶ್ರೀಯ ತವರು ತಿಕೋಟಾದಲ್ಲಿ ಎಂಟೆಕರೆ ದ್ರಾಕ್ಷಿ ಪಡ. ಅಪ್ಪನ ಜೊತೆ ಕಡ್ಡಿ ಸವರುವ ಚಾಟ್ನಿಗೆ ನಿಂತು ಬೆಳೆದವಳು, ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿದವಳು, ಎಂಟು ತಿಂಗಳಿಂದ ಮೂರನೇ ಮಹಡಿಯ ಮನೆಯಲ್ಲಿ ಕಿಟಕಿ ಒರೆಸುತ್ತಿದ್ದಳು. ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡು ಗಂಡನದು. ಅವಳ ಪಾಸ್‌ಪೋರ್ಟಿನಲ್ಲಿ ಕೆಲಸ ಮಾಡಕೂಡದೆಂಬ ಮುದ್ರೆ ಬಿದ್ದಿತ್ತು.

ಮೂರು ಬಳ್ಳಿ ಮುಗಿಯುವವರೆಗೂ ಥೆರೇಸಿಯಾ ಅವಳ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಕತ್ತರಿಸಿದ ಜಾಗದ ಮೇಲೆ ಹೆಬ್ಬೆರಳಾಡಿಸಿ, ಸುನಿಲಕುಮಾರನತ್ತ ತಿರುಗಿ ಉದ್ದಕ್ಕೆ ಏನೋ ಹೇಳಿದಳು. ಅದರಲ್ಲಿ ಸೋಮವಾರ, ಕೆಲಸ ಎಂಬೆರಡು ಶಬ್ದ ವಿಜಯಶ್ರೀಗೂ ತಿಳಿದವು.

"ಏನಂದ್ರು?"

"ಛಲೋ ಮಾಡಿದಿ ಅಂದ್ರು. ನಡಿ, ಬಸ್ಸಿಗೆ ಹೊತ್ತಾತು."

"ಸೋಮವಾರ ಅಂದ್ರಲ್ಲ."

ಅವನು ಬೂಟಿನ ಕೆಸರನ್ನು ಕಲ್ಲಿಗೆ ಒರೆಸಿದ. ಆಳು ಸಿಗುತ್ತಿಲ್ಲವಂತೆ, ಸೋಮವಾರದಿಂದ ಬರುತ್ತಾಳೇನು ಎಂದು ಕೇಳಿದರೆಂದು ಕೊನೆಗೆ ಒಪ್ಪಿಕೊಂಡ. "ನಿನಗ ಪರ್ಮಿಟ್ ಇಲ್ಲ. ಹೇಳಿ ಏನ್ ಉಪಯೋಗ? ಸುಮ್ನ ಮನಸಿಗೆ ಹಚ್ಕೋತಿ."

"ಪರ್ಮಿಟ್ ಇಲ್ಲಂತ ನನಗೂ ಗೊತ್ತೈತ್ರಿ. ಅವರು ಕರದದ್ದು ನನ್ನ. ಇಲ್ಲ ಅನ್ನಾಕರ ನನಗ ಬಿಡಬೇಕಿತ್ತು."

ಅವಳು ಮುದುಕಿಯತ್ತ ತಿರುಗಿದಳು. ಸಂಜೆಯ ಕ್ಲಾಸಿನಲ್ಲಿ ಕಲಿತ ಅರೆಬರೆ ಜರ್ಮನ್‌ನಲ್ಲಿ ಶಬ್ದ ಹುಡುಕಿದಳು. ಬರುವ ಆಸೆಯಿದೆ, ಬರುವ ಹಾಗಿಲ್ಲ ಎಂಬಷ್ಟನ್ನು ತಡವರಿಸಿ ಹೇಳುವಾಗ ಸಿಟ್ಟಿನಿಂದ ಕಣ್ಣು ತುಂಬಿತು. ಥೆರೇಸಿಯಾ ಪೂರ್ತಿ ಕೇಳಿಸಿಕೊಂಡಳು. ಕತ್ತರಿಯನ್ನು ಮಾತ್ರ ಮರಳಿ ಕೇಳಲಿಲ್ಲ.

ಕೆಳಗೆ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಸುನಿಲಕುಮಾರ ನಾಲ್ಕು ಹೆಜ್ಜೆ ಇಳಿದು, ನಿಂತು, ಹಿಂದಿರುಗಿ ನೋಡಿದ. ವಿಜಯಶ್ರೀ ಮುಂದಿನ ಬಳ್ಳಿಗೆ ಹೋಗಿ ಕೂತಿದ್ದಳು. ಮುದುಕಿ ಸೊಂಟ ಬಗ್ಗಿಸಿ, ಉದ್ದನೆಯ ಕಡ್ಡಿಯೊಂದನ್ನು ಅಲುಗಾಡದ ಹಾಗೆ ಅವಳಿಗೆ ಹಿಡಿದುಕೊಟ್ಟಿದ್ದಳು.