ಪಕ್ಕದ ಮನೆ ಬಾಗಿಲು

ಹನ್ನೊಂದು ವರ್ಷ ಡೆಲ್ಮರ್ ರೂಕನ ಕೈಗಳು ನನ್ನ ತೊಡೆಗಳ ನಡುವೆ ಚೆಂಡಿಗಾಗಿ ಕಾದಿವೆ. ನಗಬೇಡಿ, ನಮ್ಮ ಕಸುಬೇ ಅದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾನು ಸೆಂಟರ್, ಬಗ್ಗಿ ನಿಂತು ಚೆಂಡನ್ನು ಹಿಂದಕ್ಕೆ ಕೊಡುವವನು. ಡೆಲ್ ಕ್ವಾರ್ಟರ್‌ಬ್ಯಾಕ್, ಅದನ್ನು ತೆಗೆದುಕೊಂಡು ಎಸೆಯುವವನು, ಪೇಪರಿನಲ್ಲಿ ಫೋಟೊ ಬರುವವನು. ನಾನು ಕೊಡದೆ ಆಟ ಶುರುವಾಗುವಂತಿಲ್ಲ. ಅದು ಮಾತ್ರ ಯಾವ ಪೇಪರಿನಲ್ಲೂ ಬರುವುದಿಲ್ಲ.

"ನಿನ್ನನ್ನ ನನಗಿಂತ ಅವನೇ ಜಾಸ್ತಿ ಮುಟ್ಟಿರೋದು," ಎಂದು ನನ್ನ ಹೆಂಡತಿ ಲೊರೇನ್ ರೇಗಿಸುತ್ತಿದ್ದಳು. ರೇಗಿಸುತ್ತಲೇ ಗುರುವಾರ ಸಂಜೆ ಅವನಿಗೆಂದು ಆಲೂಗಡ್ಡೆ ತುಂಬಿದ ಕಡುಬು, ಪಿರೋಗಿ, ಮಾಡುತ್ತಿದ್ದಳು. ಚರ್ಚಿನಲ್ಲಿ ಹೆಸರಿಟ್ಟ ದಿನ ನನ್ನ ಮಗಳಿಗೆ ಗಾಡ್‌ಫಾದರ್ ಆಗಿ ನಿಂತವನು ಅವನೇ. ತನ್ನ ಅಜ್ಜಿಯ ಹೆಸರನ್ನೇ ಹಟಮಾಡಿ ಇಡಿಸಿದ್ದ. ಮಕ್ಕಳಿಲ್ಲದ ಆ ಮನುಷ್ಯನಿಗೆ ಅವಳೆಂದರೆ ಪಂಚಪ್ರಾಣ.

ಆ ಭಾನುವಾರ ಓಹಾಯೋದಲ್ಲಿ ಹಿಮ ಸುರಿಯುತ್ತಿತ್ತು. ಡೆಲ್‌ಗೆ ಆಗಲೇ ಮೂವತ್ತೊಂಬತ್ತು. ತಂಡ ಮುಂದಿನ ವರ್ಷ ಅವನನ್ನು ಇಟ್ಟುಕೊಳ್ಳುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಗೆದ್ದು ಹೊರಡಬೇಕು ಎಂಬುದೊಂದೇ ಅವನ ಆಸೆ. ಗೆಲುವೂ ಕೈಗೆಟುಕುವಷ್ಟು ಹತ್ತಿರವೇ ಇತ್ತು.

ಆಗ ಎದುರಾಳಿಗಳಲ್ಲೊಬ್ಬ ದಾಂಡಿಗ ಬಂದು ಅವನನ್ನು ನೆಲಕ್ಕೆ ಅಪ್ಪಳಿಸಿದ. ತಲೆ ನೆಲಕ್ಕೆ ಬಡಿದ ಸದ್ದು ನನಗೂ ಕೇಳಿಸಿತು. ಡೆಲ್ ಎದ್ದ, ಹಿಮ ಕೊಡವಿಕೊಂಡ, ಜನ ಚಪ್ಪಾಳೆ ತಟ್ಟಿದರು. ನಾವು ಮತ್ತೆ ಸಾಲಾಗಿ ಬಗ್ಗಿ ನಿಂತೆವು. ನಾನು ಅವನ ಕೈಗೆ ಕಾಯುತ್ತಿದ್ದೇನೆ, ಕೈಯೇ ಇಲ್ಲ!

"ಏ ಅಣ್ಣಾ!" ಪಕ್ಕದಲ್ಲಿ ಬಗ್ಗಿದ್ದ ನಮ್ಮ ತಂಡದ ತವಿಟಾ ಹೌಹಾರಿದ. "ಇದು ಪಕ್ಕದ ಮನೆ ಕಣಣ್ಣಾ! ನಿನ್ನ ಬಾಗಿಲು ಆ ಕಡೆ!"

ಡೆಲ್ ಅವನ ಹಿಂದೆ ಹೋಗಿ ಕೈಯೊಡ್ಡಿ ನಿಂತಿದ್ದ. ಇಡೀ ಕ್ರೀಡಾಂಗಣ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನನಗೆ ಮಾತ್ರ ತಲೆ ಬಡಿದ ಆ ಸದ್ದೇ ಮತ್ತೆ ಕೇಳಿಸಿತು.

ಅವನೂ ನಗುತ್ತಾ ನನ್ನ ಹಿಂದೆ ಬಂದ. "ತಮಾಷೆ ಮಾಡ್ದೆ ಕಣೋ ಗಾರ್ತ್."

ಬಗ್ಗಿದ ಹಾಗೇ, ಕಾಲ ಸಂದಿಯಿಂದ ಅವನ ಮುಖ ನೋಡಿ ಕೇಳಿದೆ: "ನನ್ನ ಮಗಳ ಹೆಸರೇನೋ?"

"ಈಗ್ಯಾಕೋ ಅದೆಲ್ಲ?"

"ಹೇಳೋ ಅಂದ್ರೆ."

"ಹೆಸರಾ... ಇರು, ಬಾಯಲ್ಲೇ ಇದೆ..." ಅವನ ಕಣ್ಣು ಆ ಕಡೆ ಈ ಕಡೆ ಹುಡುಕಿತು. ಅಯ್ಯೋ ದೇವರೇ, ಆ ಕಣ್ಣುಗಳನ್ನು ನಾನು ಸಾಯುವವರೆಗೆ ಮರೆಯಲಾರೆ. ಆಮೇಲೆ ಏನೂ ಆಗದವನಂತೆ ಚೆಂಡು ಕೊಡುವ ಸಂಜ್ಞೆ ಕೂಗಿದ, "ಹಟ್!"

ನಮ್ಮವರೆಲ್ಲ ಮುಂದೆ ನುಗ್ಗಿದರು. ಚೆಂಡು ನನ್ನ ಕೈಯಲ್ಲೇ ಇತ್ತು. ನಾನು ಕೊಡಲಿಲ್ಲ. ರೆಫರಿ ಸೀಟಿ ಊದಿದ, ನಮಗೆ ಐದು ಗಜ ಹಿಂದೆ ಸರಿಯುವ ದಂಡ ಬಿತ್ತು. ನಾನು ಆ ಚೆಂಡಿನ ಮೇಲೇ ಕುಕ್ಕರಿಸಿ, ಡಾಕ್ಟರನ್ನು ಕೈಬೀಸಿ ಕರೆದೆ.

"ಗಾರ್ತ್, ನಿನ್ ಕಾಲಿಗೆ ಬೀಳ್ತೀನಿ, ಇದೊಂದು ಆಟ ಬಿಟ್ಬಿಡೋ," ಎಂದ ಡೆಲ್.

"ತಲೆ ಗಟ್ಟಿ ಇದೆ ಅಂತ ಬಂಡೆಗೆ ಚಚ್ಚಿಕೊಳ್ತಾರೇನೋ ಕತ್ತೆ!" ಎಂದು ಬೈದೆ. ಬೈಯುತ್ತಾ ಅಳುತ್ತಿದ್ದೆ.

"ಯಾರಪ್ಪನ ಅಪ್ಪಣೆ ಕೇಳಿದ್ಯೋ?" ಎಂದು ಕೋಚ್ ಗಂಟಲು ಹರಿಯುವಂತೆ ಅರಚಿದ. ಡಾಕ್ಟರು ಡೆಲ್‌ನನ್ನು ಹೊರಗೆ ಕರೆದೊಯ್ದರು; ಅವನ ಬದಲಿಗೆ ಬಂದ ಹುಡುಗ ಚೆಂಡನ್ನು ನೇರ ಎದುರಾಳಿಯ ಕೈಗೇ ಎಸೆದ. ಸೋತೆವು.

ಇನ್ನು ಆಡಿದರೆ ಆ ತಲೆ ಉಳಿಯುವುದಿಲ್ಲ ಎಂದರು ಡಾಕ್ಟರು. ಡೆಲ್ ಆಟ ಬಿಟ್ಟ, ನನ್ನ ಜೊತೆ ಮಾತೂ ಬಿಟ್ಟ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಲೊರೇನ್ ಗುರುವಾರಗಳಂದು ಅವನ ತಟ್ಟೆ ಇಡುವಳು, ಊಟ ಮುಗಿದ ಮೇಲೆ ತೆಗೆದಿಡುವಳು. ಮುನಿಸಿಕೊಂಡಿದ್ದರೆ ಇರಲಿ, ಅವನಿಗೆ ನಾವೆಲ್ಲ ಮರೆತೇಹೋಗಿದ್ದರೆ? ಆ ಭಯವನ್ನು ಲೊರೇನ್‌ಗೂ ಹೇಳಲಿಲ್ಲ.

ಹಿಮ ಕರಗಿದ ಮೇಲೆ ಒಂದು ಗುರುವಾರ ಬಾಗಿಲ ಗಂಟೆ ಸದ್ದಾಯಿತು. ಮಗಳು ಓಡಿಹೋಗಿ ತೆಗೆದಳು. ನಾನು ಅಡುಗೆಮನೆಯಲ್ಲೇ ಕಿವಿಗೊಟ್ಟು ನಿಂತೆ.

"ಏನೇ ಹೆನ್ರಿಯೆಟ್ಟಾ," ಎಂದಿತು ಆ ಒರಟು ದನಿ, "ಎಲ್ಲೇ ನಿಮ್ಮಪ್ಪ? ಅವನಿಗೆ ಸರಿಯಾಗಿ ಉಗಿಯೋದಿದೆ."

ಒಳಗೆ ಬಂದವನೇ ಉಗಿದ ನೋಡಿ, ಒಂದು ಗಂಟೆ ಬಿಡದೆ. ಏನೆಂದು ಉಗಿದನೋ ನನಗೆ ಒಂದೂ ನೆನಪಿಲ್ಲ. ಅವನ ತಟ್ಟೆಗೆ ಪಿರೋಗಿ ಬಡಿಸುತ್ತಲೇ ಇದ್ದೆ.